ಹೈಡ್ರೋಜನ್ ಕಂಪ್ರೆಸರ್: ಒಂದೇ ಮಾಪಕವನ್ನು ನಂಬಬಹುದೇ?

2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಹೈಡ್ರೋಜನ್ ಉತ್ಪಾದಿಸುವ 19,744 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಂಪುಟ 2023ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಉತ್ಪಾದನೆಯಷ್ಟೇ ಮುಖ್ಯವಾದುದು ಅನಿಲವನ್ನು ಒತ್ತಿ ತುಂಬುವ ಕಂಪ್ರೆಸರ್‌ಗಳ ಸುರಕ್ಷತೆ.

ವಾಹನಗಳಲ್ಲಿ ಹೈಡ್ರೋಜನ್ ಅನ್ನು 350 ಅಥವಾ 700 ಬಾರ್ ಒತ್ತಡದಲ್ಲಿ ತುಂಬಲಾಗುತ್ತದೆ. ಲಿಂಡೆ ಸಂಸ್ಥೆಯ ಅಯಾನಿಕ್ ಕಂಪ್ರೆಸರ್‌ನಲ್ಲಿ ಲೋಹದ ಪಿಸ್ಟನ್ ಬದಲು ದ್ರವವೇ ಅನಿಲವನ್ನು ಒತ್ತುತ್ತದೆ. ಇಂಥ ಯಂತ್ರದಲ್ಲಿ ದ್ರವ ಇಳಿದರೆ ಅನಿಲ ಸಾಕಷ್ಟು ಒತ್ತಲ್ಪಡದು. ಮಿತಿ ಮೀರಿ ಏರಿದರೆ ಅನಿಲದೊಂದಿಗೆ ಹೊರನುಗ್ಗಿ ಕವಾಟಗಳಿಗೆ ಹಾನಿ ಮಾಡಬಲ್ಲದು. ದಪ್ಪ ಉಕ್ಕಿನ ಗೋಡೆಯೊಳಗಿನ ಈ ಮಟ್ಟ ಕಣ್ಣಿಗೆ ಕಾಣದು. ಒತ್ತಡದ ವ್ಯತ್ಯಾಸ ಅಥವಾ ಶ್ರವಣಾತೀತ ತರಂಗಗಳ ನೆರವಿನಿಂದ ಲೆಕ್ಕ ಹಾಕಿಯೇ ತಿಳಿಯಬೇಕು.

ತೊಡಕಿರುವುದು ಆ ಲೆಕ್ಕದಲ್ಲಿ. ಸಾಮಾನ್ಯ ಒತ್ತಡದಲ್ಲಿ ಒಂದು ಘನ ಮೀಟರ್ ಹೈಡ್ರೋಜನ್ 100 ಗ್ರಾಂ ಸಹ ತೂಗದು. 700 ಬಾರ್‌ನಲ್ಲಿ ಅದು ಸುಮಾರು 40 ಕಿಲೋ. ಈ ಭಾರವನ್ನು ಕಡೆಗಣಿಸಿದರೆ ಒತ್ತಡದ ವ್ಯತ್ಯಾಸದಿಂದ ಅಳೆಯುವ ಮಾಪಕ ತಪ್ಪು ಮಟ್ಟ ತೋರಿಸುತ್ತದೆ.

ಪರೋಕ್ಷ ಮಾಪನವನ್ನು ಕಣ್ಣುಮುಚ್ಚಿ ನಂಬಿದರೆ ಏನಾದೀತೆಂಬುದಕ್ಕೆ ತೈಲೋದ್ಯಮದಲ್ಲೇ ನಿದರ್ಶನವಿದೆ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯ ಬಿಪಿ ಸಂಸ್ಕರಣಾಗಾರದ ಗೋಪುರವೊಂದರಲ್ಲಿ ದ್ರವ 158 ಅಡಿಗೆ ಏರಿದ್ದರೂ ಮಾಪಕ 10 ಅಡಿಗಿಂತ ಕಡಿಮೆ ತೋರಿಸುತ್ತಿತ್ತು. ಪ್ರತ್ಯೇಕ ಎಚ್ಚರಿಕೆ ಗಂಟೆಯೂ ಮೊಳಗಲಿಲ್ಲ. ಸ್ಫೋಟದಲ್ಲಿ 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು.

ಎರಡು ಮಾಪಕಗಳಿದ್ದರೆ ಸಾಲದು. ಅವು ಭಿನ್ನ ತತ್ತ್ವಗಳ ಮೇಲೆ ಕೆಲಸ ಮಾಡಬೇಕು, ನಿಯಮಿತವಾಗಿ ಪರೀಕ್ಷೆಗೊಳಪಡಬೇಕು. ಈ ವೆಚ್ಚವನ್ನು ಟೆಂಡರ್ ಹಂತದಲ್ಲೇ ಸೇರಿಸುವುದು ವಿವೇಕ.