ಕೀವ್‌ನ ಭೂತಕ್ಕೆ ಸಿಕ್ಕ ಚಪ್ಪಾಳೆ

2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿನೊಳಗೆ ನುಗ್ಗಿತು. ಅದರ ಬೆನ್ನಿಗೇ ಮೊಬೈಲಿನಿಂದ ಮೊಬೈಲಿಗೆ ಒಂದು ವಿಡಿಯೋ ಹಾರಾಡತೊಡಗಿತು. ಉಕ್ರೇನಿನ ಯುದ್ಧವಿಮಾನವೊಂದು ರಷ್ಯಾದ ವಿಮಾನವನ್ನು ಹೊಡೆದುರುಳಿಸುವ ದೃಶ್ಯ. ಒಂದೇ ದಿನ ಆರು ವಿಮಾನ ಉರುಳಿಸಿದನೆನ್ನಲಾದ ಆ ಪೈಲಟ್‌ಗೆ ‘ಕೀವ್‌ನ ಭೂತ’ ಎಂಬ ಹೆಸರೂ ಬಿತ್ತು. ಚಪ್ಪಾಳೆ, ಜಯಕಾರಗಳ ಸುರಿಮಳೆಯಾಯಿತು. ಆದರೆ ವಿಡಿಯೋ ಕಂಪ್ಯೂಟರ್ ಆಟವೊಂದರದು! ಪೈಲಟ್ ಎಂಬವನು ಜನರೇ ಕಟ್ಟಿದ ದಂತಕಥೆಯೆಂದು ಏಪ್ರಿಲ್ 30ರಂದು ಉಕ್ರೇನಿನ ವಾಯುಪಡೆಯೇ ತಿಳಿಸಿತು.

ಪರೀಕ್ಷಿಸದೆ ಜನ ಏಕೆ ಹಂಚುತ್ತಾರೆ? ಅಮೆರಿಕದ ಎಂ.ಐ.ಟಿ.ಯ ಮೂವರು ಸಂಶೋಧಕರು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸ್ವಲ್ಪ ಉತ್ತರ ಕೊಡುತ್ತದೆ. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಸರಣಿಗಳನ್ನು ಅವರು ಜಾಲಾಡಿದರು. ಯುದ್ಧ, ಭಯೋತ್ಪಾದನೆಯ ಸುದ್ದಿಗಳೂ ಅದರಲ್ಲಿದ್ದವು. ಸುಳ್ಳು ಸುದ್ದಿ ಮುಂದಕ್ಕೆ ದಾಟುವ ಸಂಭವ ನಿಜ ಸುದ್ದಿಗಿಂತ ಶೇಕಡಾ 70ರಷ್ಟು ಹೆಚ್ಚಿತ್ತು. ತಾನಾಗಿ ಸಂದೇಶ ಕಳಿಸುವ ಯಾಂತ್ರಿಕ ಖಾತೆಗಳನ್ನು ಲೆಕ್ಕದಿಂದ ತೆಗೆದು ನೋಡಿದರೂ ಫಲಿತಾಂಶ ಬದಲಾಗಲಿಲ್ಲ. ದಾಟಿಸಿದ ಕೈ ಮನುಷ್ಯರದೇ.

ಜನ ಬರೆದ ಮರುನುಡಿಗಳನ್ನೂ ಅವರು ಪರೀಕ್ಷಿಸಿದರು. ಸುಳ್ಳಿಗೆ ಬಂದ ಉತ್ತರಗಳಲ್ಲಿ ಬೆರಗು, ಹೇಸಿಗೆ, ಹೆದರಿಕೆ ಹೆಚ್ಚು. ನವರಸಗಳ ಲೆಕ್ಕದಲ್ಲಿ ಅದ್ಭುತ, ಬೀಭತ್ಸ, ಭಯಾನಕ ಎನ್ನಿ. ನಿಜ ಸುದ್ದಿಗೆ ದುಃಖ, ನಿರೀಕ್ಷೆ, ಸಂತೋಷ, ನಂಬಿಕೆ.

ಮನಸ್ಸಿನ ಭಾವ ಅಳೆಯಲು ಥರ್ಮಾಮೀಟರ್ ಇಲ್ಲವಷ್ಟೆ? ಅವರು ಬಳಸಿದ್ದು ಒಂದು ಪದಕೋಶ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಆ ಕೋಶದಲ್ಲಿ, ಇಂಗ್ಲಿಷಿನ ಪದಗಳು ಎಂಟು ಭಾವಗಳಲ್ಲಿ ಯಾವುದಕ್ಕೆ ಎಷ್ಟು ಹತ್ತಿರವೆಂದು ಗುರುತು ಹಾಕಿದೆ. ಅದನ್ನು ನೋಡಿ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಲಕ್ಷಗಟ್ಟಲೆ ಮಾತುಗಳಿಗೆ ಈ ವಿಧಾನ ಸಾಕು, ಒಂದೊಂದೇ ಮಾತಿಗೆ ಸಾಲದು. “ಭೇಷ್, ಶಾಂತಿದೂತರು ಆಸ್ಪತ್ರೆಗೇ ಬಾಂಬು ಹಾಕಿದರು!” ಎಂದು ಯಾರೋ ಹೊಟ್ಟೆಯುರಿದು ಬರೆದರೆ ‘ಭೇಷ್’, ‘ಶಾಂತಿ’ಗಳು ಸಂತೋಷದ ಲೆಕ್ಕಕ್ಕೆ ಜಮಾ ಆಗಬಹುದು. ಇನ್ನು ಕನ್ನಡದ ‘ಅಯ್ಯೋ’ ಮರುಕವೋ, ಭಯವೋ, ತಾತ್ಸಾರವೋ ಎಂದು ಯಂತ್ರ ಹೇಗೆ ತಿಳಿದೀತು? ಅಲ್ಲದೆ, ಓದಿ ಸುಮ್ಮನೆ ಕುಳಿತವರ ಲೆಕ್ಕ ಯಾವ ಕೋಶಕ್ಕೂ ಸಿಗುವುದಿಲ್ಲ.

ಯುದ್ಧ ಶುರುವಾದಾಗ ಕರ್ನಾಟಕದ ಅನೇಕ ವೈದ್ಯ ವಿದ್ಯಾರ್ಥಿಗಳು ಉಕ್ರೇನಿನಲ್ಲೇ ಇದ್ದರು. ಅವರ ಮನೆಗಳಲ್ಲಿ ಭೂತದ ವಿಡಿಯೋ ಬರುತ್ತಿದ್ದ ಮೊಬೈಲನ್ನೇ ಹಿಡಿದು ತಂದೆತಾಯಂದಿರು ಮಕ್ಕಳ ಕರೆಗೆ ಕಾಯಬೇಕಾಗಿತ್ತು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಆಹಾರ ತರಲು ಹೊರಗೆ ಹೋದ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಆ ಸುದ್ದಿಯನ್ನು ವಿದೇಶಾಂಗ ಸಚಿವಾಲಯ ದೃಢಪಡಿಸಿತು.

ಅಂದಹಾಗೆ, ಆ ವಿಮಾನದ ವಿಡಿಯೋ ತಯಾರಿಸಿದಾತ ಮೋಸ ಮಾಡಿರಲಿಲ್ಲ. ಯೂಟ್ಯೂಬ್‌ನಲ್ಲಿ ಅದರ ಕೆಳಗೇ, ಇದು ಆಟದ ದೃಶ್ಯ ಎಂದು ಬರೆದಿದ್ದ. ನಕಲು ಮಾಡಿ ಹಂಚಿದವರು ಆ ಸಾಲನ್ನು ಬಿಟ್ಟಿದ್ದರು.