ಕೋಟೆಯ ಹುಡುಗಿಯ ತಿರುಗಾಟ

ಹೆಗ್ಗಡದೇವನಕೋಟೆಯೆಂದರೆ ಹೊರಗಿನವರ ಕಣ್ಣಿಗೆ ಮೊದಲು ಕಾಣುವುದು ಆನೆ, ಆಮೇಲೆ ಹುಲಿ, ಅದೂ ಆದ ಮೇಲೆ ಕಬಿನಿಯ ಹಿನ್ನೀರಿನ ದಡದಲ್ಲಿರುವ ವಿಹಾರಧಾಮಗಳು. ಆ ತಾಲ್ಲೂಕಿನಲ್ಲಿ ಮನುಷ್ಯರೂ ಇದ್ದಾರೆ, ಅವರ ಮಕ್ಕಳು ಬೆಳಗ್ಗೆ ಎದ್ದು ತಲೆ ಬಾಚಿಕೊಂಡು ಕಾಲೇಜಿಗೆ ಹೊರಡುತ್ತಾರೆ ಎಂಬುದು ಬಹುಮಂದಿಗೆ ನೆನಪಾಗುವುದೇ ಇಲ್ಲ. ಕಾಡು, ಚಳಿಜ್ವರ ಎಂದು ಹೆದರಿ ಜನ ಅತ್ತ ಹೋಗಲು ಹಿಂಜರಿಯುತ್ತಿದ್ದ ಕಾಲವೊಂದಿತ್ತು. ಈಗ ಅದೇ ಕಾಡನ್ನು ನೋಡಲು ದೂರದೂರದಿಂದ ಬಂದು, ಕೈತುಂಬ ಹಣ ತೆತ್ತು, ಆನೆ ಕಾಣದಿದ್ದರೆ ಮುಖ ಸಪ್ಪೆ ಮಾಡಿಕೊಂಡು ಹಿಂದಿರುಗುವವರಿದ್ದಾರೆ. ಕಾಡು ಇದ್ದಲ್ಲಿಯೇ ಇದೆ. ನೋಡುವವರ ಕಣ್ಣು ಬದಲಾಗಿದೆ, ಅಷ್ಟೆ.

ಈ ಬದಲಾವಣೆಗಳ ನಡುವೆ ಆ ಊರಿನಲ್ಲಿಯೇ ಹುಟ್ಟಿ ಬೆಳೆಯುವ ಎಳೆಯರು ತಮ್ಮ ಊರನ್ನು ಹೇಗೆ ಕಾಣುತ್ತಾರೆ? ಅವರಿಗೂ ತಿರುಗಾಟವಿದೆಯೆ, ಸಂತೋಷವಿದೆಯೆ? ಇದನ್ನು ತಿಳಿಯಲು ಅಂತರಸಂತೆಯ ಕಡೆಯ ಒಂದು ಹಳ್ಳಿಯಿಂದ ಕೋಟೆಯ ಪದವಿಪೂರ್ವ ಕಾಲೇಜಿಗೆ ಬರುವ ಹುಡುಗಿಯೊಬ್ಬಳನ್ನು ಮನಸ್ಸಿಗೆ ತಂದುಕೊಂಡರೆ ಸಾಕು. ಅವಳಿಗೊಂದು ಹೆಸರು ಬೇಡ. ಯಾವ ಹೆಸರಿಟ್ಟರೂ ಆ ಹೆಸರಿನ ಹತ್ತು ಹುಡುಗಿಯರು ಅದೇ ಬಸ್ಸಿನಲ್ಲಿ ಸಿಕ್ಕಿಯಾರು. ವಯಸ್ಸು ಹದಿನೇಳು. ಮನೆಯಲ್ಲಿ ಅಪ್ಪ, ಅವ್ವ, ಒಬ್ಬ ತಮ್ಮ, ಎಪ್ಪತ್ತು ದಾಟಿದ ಅಜ್ಜಿ. ಮೂರು ಎಕರೆ ಜಮೀನು. ಅದರಲ್ಲಿ ಸ್ವಲ್ಪ ರಾಗಿ, ಉಳಿದದ್ದೆಲ್ಲ ಹೊಗೆಸೊಪ್ಪು.

ಬೆಳಗಿನ ಬಸ್ಸು ಬರುವಾಗಲೇ ತುಂಬಿರುತ್ತದೆ. ಅದರಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕುವುದು ವಾರಕ್ಕೆ ಒಂದು ದಿನವಿದ್ದೀತು. ಅಂಥ ದಿನ ಲೆಕ್ಕದ ಮೇಷ್ಟರ ಕೋಪವೂ ಅವಳನ್ನು ತಟ್ಟುವುದಿಲ್ಲವಂತೆ. ಮಂಜು ಇನ್ನೂ ಕೆರೆಯ ಮೇಲೆ ಮಲಗಿರುವುದು, ಬೆಳೆಯ ನಡುವಿನ ಅಟ್ಟಣೆಯಿಂದ ರಾತ್ರಿಯೆಲ್ಲ ಆನೆ ಕಾದವನು ಕಂಬಳಿ ಹೊದ್ದು ಇಳಿಯುತ್ತಿರುವುದು, ಶುಂಠಿಯ ಹೊಲದಲ್ಲಿ ಆಳುಗಳು ಸಾಲು ಹಿಡಿದು ನಿಂತಿರುವುದು, ಇವೆಲ್ಲ ಒಂದೊಂದಾಗಿ ಹಿಂದೆ ಸರಿಯುತ್ತವೆ. ಹ್ಯಾಂಡ್‌ಪೋಸ್ಟಿನಲ್ಲಿ ಒಂದು ಗಳಿಗೆ ಬಸ್ಸು ನಿಲ್ಲುತ್ತದೆ. ದಾರಿ ತೋರಿಸುವ ಕೈಮರಕ್ಕೆ ಇಂಗ್ಲಿಷರ ಕಾಲದಲ್ಲಿ ಬಂದ ಹೆಸರೇ ಅಲ್ಲಿ ಊರಿನ ಹೆಸರಾಗಿ ಕುಳಿತಿದೆ. ಒಂದು ದಾರಿ ಮೈಸೂರಿಗೆ, ಒಂದು ಕೋಟೆಗೆ, ಒಂದು ಮಾನಂದವಾಡಿಗೆ. ಹುಡುಗಿ ಪ್ರತಿದಿನ ಕೋಟೆಯ ಕಡೆಗೆ ಹೊರಳುತ್ತಾಳೆ. ಮೈಸೂರಿನ ದಾರಿಯನ್ನು ಕತ್ತು ತಿರುಗಿಸಿ ನೋಡುತ್ತಾಳೆ.

ಸಣ್ಣ ಸಂತೋಷಗಳಿಗೇನೂ ಅಲ್ಲಿ ಬರವಿಲ್ಲ. ಮಧ್ಯಾಹ್ನ ಗೆಳತಿಯರು ನಾಲ್ವರು ಕಾಸು ಕೂಡಿಸಿ ಬೇಕರಿಯಲ್ಲಿ ಕೊಳ್ಳುವ ಒಂದು ಬೆಣ್ಣೆ ಬನ್ನು. ಒಂದೇ ಮೊಬೈಲಿನ ಸುತ್ತ ಐದು ತಲೆಗಳು ಸೇರಿ ನೋಡುವ ಹಾಡು. ಬಿಡುವಿನ ದಿನ ಅವ್ವನ ಜೊತೆ ಸಂತೆಗೆ ಹೋದಾಗ ತರಕಾರಿಯ ಲೆಕ್ಕದಲ್ಲಿ ಉಳಿಸಿ ಕೊಂಡ ಬಳೆ. ಮಳೆ ಬಂದ ಸಂಜೆ ಒಲೆಯ ಮುಂದೆ ಹುಚ್ಚೆಳ್ಳಿನ ಚಟ್ನಿಯೊಡನೆ ತಿನ್ನುವ ಬಿಸಿ ರೊಟ್ಟಿ. ಇವುಗಳ ಬೆಲೆ ಕಟ್ಟಲು ಹೊರಟರೆ ಐವತ್ತು ರೂಪಾಯಿ ದಾಟದು. ನೆನಪಿನಲ್ಲಿ ಉಳಿಯುವ ಕಾಲವನ್ನು ಎಣಿಸಹೊರಟರೆ ಲೆಕ್ಕವೇ ತಪ್ಪಿಹೋಗುತ್ತದೆ.

ಆದರೆ ಮನೆಮಂದಿಯೆಲ್ಲ ಸೇರಿ ಹೊರಡುವ ಪ್ರಯಾಣ ಹೊಗೆಸೊಪ್ಪಿನ ಮರ್ಜಿಯನ್ನು ಕಾಯಬೇಕು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ವರ್ಜೀನಿಯಾ ತಂಬಾಕು ಹಣ ತರುವ ಬೆಳೆ. ಮುಂಗಾರಿಗೆ ಮುಂಚೆ ಸಸಿಮಡಿ, ಮಳೆ ಬಿದ್ದೊಡನೆ ನಾಟಿ, ಆಮೇಲೆ ಕೆಳಗಿನಿಂದ ಮೇಲಕ್ಕೆ ಬಲಿತ ಎಲೆಗಳನ್ನು ಸರದಿಯ ಮೇಲೆ ಮುರಿದು, ಕೋಲಿಗೆ ದಾರದಿಂದ ಕಟ್ಟಿ, ಬ್ಯಾರನ್ನಿನೊಳಗೆ ತೂಗುಹಾಕಿ ಹಗಲಿರುಳು ಸೌದೆ ಉರಿಸುವುದು. ಶಾವಿಗೆಯೊಳಗಣ ಹದದಂತೆ ಇದರ ಹದವೂ ಕೈಯಲ್ಲಿ ಪಳಗಿರಬೇಕು. ಕಾವು ಹೆಚ್ಚಿದರೂ ತಗ್ಗಿದರೂ ಎಲೆ ಕೆಡುತ್ತದೆ. ಎಲೆ ಕಟ್ಟುವ ಕೆಲಸದಲ್ಲಿ ಹುಡುಗಿಯೂ ಕೂರುತ್ತಾಳೆ. ಬೆರಳಿಗೆ ಅಂಟಿದ ಕರಿಯ ಜಿಡ್ಡು ಸೋಪಿಗೂ ಜಗ್ಗದೆ ಮರುದಿನ ಕಾಲೇಜಿನವರೆಗೆ ಜೊತೆಯಲ್ಲಿಯೇ ಬರುತ್ತದೆ. ಬೇಲುಗಳು ಹರಾಜಿನ ಕಟ್ಟೆಗೆ ಹೋಗಿ, ಒಳ್ಳೆಯ ದರ ಬಿದ್ದರೆ ಮನೆಯಲ್ಲಿ ಮಾತು ತಾನಾಗಿಯೇ ಸಡಿಲವಾಗುತ್ತದೆ. “ಈ ಸಲ ಎಲ್ಲಿಗಾದ್ರೂ ಹೋಗ್ಬರಾನ” ಎಂದು ಅಪ್ಪ ಅಂದನೆಂದರೆ ದರ ಎಷ್ಟಾಯಿತೆಂದು ಯಾರೂ ಕೇಳಬೇಕಾಗಿಲ್ಲ.

2023ರ ಜೂನ್ 11ರಿಂದೀಚೆಗೆ ಈ ಪ್ರಯಾಣದ ಲೆಕ್ಕದಲ್ಲಿ ಒಂದು ಸೋಜಿಗದ ಮಾರ್ಪಾಡಾಗಿದೆ. ರಾಜ್ಯದೊಳಗೆ ಸಾರಿಗೆ ನಿಗಮದ ಸಾಧಾರಣ ಬಸ್ಸುಗಳಲ್ಲಿ ಹೆಂಗಸರು ಹಣ ಕೊಡಬೇಕಾಗಿಲ್ಲ. ಅಜ್ಜಿ, ಅವ್ವ, ಮಗಳು, ಮೂವರೂ ಆಧಾರ್ ಕಾರ್ಡು ತೋರಿಸಿ ಸೊನ್ನೆ ಬರೆದ ಚೀಟಿ ಪಡೆಯುತ್ತಾರೆ. ಅಪ್ಪ ಜೇಬಿಗೆ ಕೈಹಾಕಿ ತನಗೂ ಮಗನಿಗೂ ಕೊಳ್ಳುತ್ತಾನೆ. “ನಿಮ್ಮನ್ನ ಕರ್ಕೊಂಡು ಹೋಗ್ತಿದೀನಿ ಅಂತ ನಾನು ಹೇಳೋ ಹಾಗೇ ಇಲ್ಲ ಈಗ” ಎಂದು ಅವನು ಗೊಣಗಿದರೆ, ಅಜ್ಜಿ, “ಇಷ್ಟು ವರ್ಷ ನೀವು ಕರ್ಕೊಂಡ್ ಹೋಗಿದ್ದು ಎಷ್ಟು ಕಿತ ಹೇಳು ಮಗ?” ಎನ್ನುತ್ತಾಳೆ. ನಗುವಿನ ಮಾತೇ ಹೌದು. ಆದರೆ ಮದುವೆಯಾಗಿ ಬಂದಂದಿನಿಂದ ಹೊಲ, ಕೊಟ್ಟಿಗೆ, ಒಲೆ ಈ ಮೂರರ ನಡುವೆಯೇ ನಡೆದ ಹೆಂಗಸರ ಹೆಜ್ಜೆಗಳನ್ನು ನೆನೆದರೆ ಆ ನಗು ಅಷ್ಟು ಹಗುರವಲ್ಲ.

ಹುಡುಗಿಗೆ ನೆನಪಿರುವ ಮೊದಲನೆಯ ದೊಡ್ಡ ಪ್ರಯಾಣ 2019ರ ದಸರೆ. ಐವತ್ತು ಕಿಲೋಮೀಟರಿನಾಚೆಯ ಮೈಸೂರು ಅವಳಿಗೆ ಆಗ ಬೇರೆಯದೇ ಲೋಕ. ಜನದ ನಡುವೆ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದು, ಚಿನ್ನದ ಅಂಬಾರಿ ಹೊತ್ತ ಅರ್ಜುನ. ಸುತ್ತಲಿನವರೆಲ್ಲ ಕೈಮುಗಿಯುತ್ತಿದ್ದರೆ ಅವಳು ಕೂಗಿದ್ದು, “ಅಪ್ಪ, ನಮ್ ಬಳ್ಳೆ ಆನೆ!” ಎಂದು. ಮಾನಂದವಾಡಿಯ ದಾರಿಯಲ್ಲಿ ಬಳ್ಳೆಯ ಶಿಬಿರದಲ್ಲಿ ಸೊಪ್ಪು ತಿನ್ನುತ್ತ ನಿಂತ ಅದನ್ನು ಬಸ್ಸಿನಿಂದ ನೋಡಿದ್ದವಳು ಅವಳು. 2012ರಿಂದ 2019ರವರೆಗೆ ಎಂಟು ಸಲ, ಸುಮಾರು 750 ಕಿಲೋ ತೂಕದ ಅಂಬಾರಿಯನ್ನು ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರಿನ ಬಳಿ, ಕಾಡಾನೆಯನ್ನು ಹಿಡಿಯುವ ಕಾರ್ಯದಲ್ಲಿ ಒಂಟಿ ಸಲಗದೊಡನೆ ಸೆಣಸಿ ಸತ್ತಿತು. ನಾಡೆಲ್ಲ ಅತ್ತಿತು. ಕೋಟೆಯ ಮಕ್ಕಳ ಅಳು ಬೇರೆಯಾಗಿತ್ತು. ಅದು ನೆರೆಮನೆಯವರು ಹೋದಾಗಿನ ಅಳು.

ಮಾನಂದವಾಡಿಯ ದಾರಿ ಅವಳಿಗೆ ಪರಿಚಯವಾದದ್ದು ವಯನಾಡಿನ ಕಾಫಿ ತೋಟದಲ್ಲಿ ದುಡಿಯುವ ಚಿಕ್ಕಪ್ಪನಿಂದ. ವರ್ಷಕ್ಕೊಮ್ಮೆ ಮನೆಯವರು ಅವನನ್ನು ಕಂಡುಬರುತ್ತಾರೆ. ಕಾಡಿನ ಈ ರಸ್ತೆ ಸಂಜೆ ಆರಕ್ಕೆ ಮುಚ್ಚಿದರೆ ಬೆಳಗ್ಗೆ ಆರಕ್ಕೆ ತೆರೆಯುವುದು. ಆದ್ದರಿಂದ ಹಿಂದಿರುಗುವ ಹೊತ್ತಿಗೆ ಅಪ್ಪನ ಕಣ್ಣು ಗಡಿಯಾರದ ಮೇಲೆ, ಮಕ್ಕಳ ಕಣ್ಣು ಬಿದಿರ ಮೆಳೆಯ ಮೇಲೆ. ಜಿಂಕೆಯ ಹಿಂಡು, ಒಮ್ಮೊಮ್ಮೆ ಮರಿಯನ್ನು ನಡುವೆ ಇಟ್ಟುಕೊಂಡು ದಾಟುವ ಆನೆಗಳು. ಬಸ್ಸು ನಿಲ್ಲುತ್ತದೆ, ಮಾತೂ ನಿಲ್ಲುತ್ತದೆ. ಸಫಾರಿಯ ಗಾಡಿಯಲ್ಲಿ ಕುಳಿತವರಿಗೆ ಕಾಣುವುದಕ್ಕಿಂತ ಕಡಿಮೆಯದೇನನ್ನೂ ಆ ಕಿಟಕಿ ತೋರಿಸುವುದಿಲ್ಲ.

ಇದೇ ಕಾಕನಕೋಟೆಯ ಕಾಡಿನಲ್ಲಿ ಹಿಂದೆ ಆನೆಗಳನ್ನು ಹಿಂಡುಹಿಂಡಾಗಿ ಅಟ್ಟಿ ಹಿಡಿಯುವ ಖೆಡ್ಡಾ ನಡೆಯುತ್ತಿತ್ತು; ಕೊನೆಯದು ನಡೆದದ್ದು 1971ರಲ್ಲಿ. ಹತ್ತಿರದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗನೊಬ್ಬ ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು ಮಹಾರಾಜರ ಆನೆಲಾಯ ಸೇರಿದ್ದ. ಅಲ್ಲಿಗೆ ಚಿತ್ರ ತೆಗೆಯಲು ಬಂದ ಪರದೇಶದವರ ಕಣ್ಣಿಗೆ ಬಿದ್ದು, 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರದ ನಾಯಕನಾದ. ಇಂಗ್ಲೆಂಡಿಗೆ ಹೋದ, ಅಮೆರಿಕಕ್ಕೆ ಹೋದ, ಎರಡನೆಯ ಮಹಾಯುದ್ಧದಲ್ಲಿ ಅಲ್ಲಿನ ವಿಮಾನದ ಹಿಂಬದಿಯಲ್ಲಿ ಕುಳಿತು ಬಂದೂಕು ಹಿಡಿದ. 1963ರಲ್ಲಿ, ನಲವತ್ತು ತುಂಬುವ ಮೊದಲೇ, ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ. ಅವನೇ ಸಾಬು. ಹುಡುಗಿ ಈ ಕಥೆಯನ್ನು ಮೊಬೈಲಿನಲ್ಲಿ ಓದಿ ತಮ್ಮನಿಗೆ ಹೇಳಿದಾಗ ಅವನು ಕೇಳಿದ ಮೊದಲ ಪ್ರಶ್ನೆ: “ಅವ್ನಿಗೆ ಅಲ್ಲಿ ಮುದ್ದೆ ಸಿಕ್ತಿತ್ತಾ ಅಕ್ಕ?”

ಎಲ್ಲರ ಪ್ರಯಾಣವೂ ಒಂದೇ ಬಗೆಯದಲ್ಲ ಎಂಬುದನ್ನು ಅವಳಿಗೆ ತಿಳಿಸಿದವಳು ಪಕ್ಕದಲ್ಲಿ ಕೂರುವ ಗೆಳತಿ. ಆಕೆ ಜೇನುಕುರುಬರ ಹಾಡಿಯವಳು. ಕಾಕನಕೋಟೆಯ ಕಾಡುಕುರುಬರನ್ನು ಕುರಿತು ಮಾಸ್ತಿಯವರು ಬರೆದ ನಾಟಕವನ್ನು ಜನ ಓದಿದ್ದಾರೆ, 1977ರಲ್ಲಿ ಸಿ. ಆರ್. ಸಿಂಹ ಅವರು ಅದನ್ನು ಚಲನಚಿತ್ರವಾಗಿ ತಂದಾಗ ನೋಡಿದ್ದಾರೆ. ಆದರೆ ಕಾಡಿನೊಳಗಿದ್ದ ಎಷ್ಟೋ ಹಾಡಿಗಳು 1970ರ ದಶಕದಿಂದೀಚೆಗೆ ಕಾಡಿನ ಅಂಚಿಗೆ ಬಂದವು. ಎಲ್ಲರೂ ಮನಸ್ಸಿದ್ದು ಬಂದವರಲ್ಲ. “ನಮ್ ದೇವ್ರು ಒಳಗೇ ಅವ್ರೆ, ನಾವು ಹೊರಗೆ” ಎಂದು ಗೆಳತಿ ಒಂದು ದಿನ ಬನ್ನು ಮುರಿಯುತ್ತ ಅಂದಳು. ಹೊರಗಿನವರು ಹಣ ತೆತ್ತು ಒಳಕ್ಕೆ ಹೋಗುವ ಕಾಡಿಗೆ ಅಲ್ಲಿಯೇ ಹುಟ್ಟಿದವರು ಅಪ್ಪಣೆ ಬೇಡಿ ಹೋಗಬೇಕೆಂಬುದು ಹದಿನೇಳರ ಹುಡುಗಿಗೆ ಸುಲಭವಾಗಿ ಅರಗುವ ಮಾತಲ್ಲ.

ಅವಳ ಸ್ವಂತ ಮನೆಯಲ್ಲಿಯೂ ಅಂಥದೊಂದು ಮಾತು ಅಡಗಿತ್ತೆಂಬುದು ತಿಳಿದದ್ದು ಕಳೆದ ಬೇಸಗೆಯಲ್ಲಿ. ಸೊಪ್ಪಿಗೆ ಒಳ್ಳೆಯ ದರ ಬಂದಿತ್ತು. ಎಲ್ಲಿಗೆ ಹೋಗೋಣವೆಂದಾಗ ತಮ್ಮ ಮೃಗಾಲಯವೆಂದ, ಅವ್ವ ನಂಜನಗೂಡೆಂದಳು. ಯಾವತ್ತೂ ಬಾಯಿಬಿಡದ ಅಜ್ಜಿ, “ಭೀಮನಕೊಲ್ಲಿಗೆ ಹೋಗಾನ, ನೀರು ಇಳ್ದದಂತೆ” ಎಂದಳು. ಹಿನ್ನೀರಿನ ದಡದ ಮಹದೇಶ್ವರನಿಗೆ ಕೈಮುಗಿದು ಬುತ್ತಿ ಬಿಚ್ಚಿದರು. 2,284 ಅಡಿಯವರೆಗೆ ತುಂಬಿ ನಿಲ್ಲುವ ಕಬಿನಿ ಬೇಸಗೆಯಲ್ಲಿ ಹಿಂದೆ ಸರಿದಾಗ ಹಸಿ ಮಣ್ಣಿನ ಮೇಲೆ ಎಳೆಯ ಹುಲ್ಲು ಚಿಗುರುತ್ತದೆ. ಆನೆಗಳು ಬರುವುದು ಆ ಹುಲ್ಲಿಗಾಗಿಯೇ. ಮಕ್ಕಳು ಆನೆ ಎಣಿಸುತ್ತಿದ್ದರು. ಅಜ್ಜಿ ಬೇರೊಂದು ಕಡೆಗೆ ಕೈ ತೋರಿಸಿದಳು.

“ನಮ್ಮೂರು ಅಲ್ಲೇ ಅದೆ ಕಣ್ ಮಗ. ಮ್ಯಾಲೆ ನೀರದೆ, ಅಷ್ಟೆ.”

ಅವಳು ಮದುವೆಯಾಗಿ ಬಂದ ಮೂರನೆಯ ವರ್ಷ, 1974ರಲ್ಲಿ ಮುಗಿದ ಅಣೆಕಟ್ಟೆಯ ನೀರು ತವರಿನ ಊರನ್ನು ನುಂಗಿತ್ತು. ಅಣ್ಣತಮ್ಮಂದಿರಿಗೆ ಬೇರೆ ಕಡೆ ಭೂಮಿ ಸಿಕ್ಕಿತು, ಹೊಸ ಊರಾಯಿತು. ಗೌರಿಹಬ್ಬಕ್ಕೆ ಬಾಗಿನವೂ ಬರುತ್ತಿತ್ತು. ಆದರೆ ತಾನು ಹುಟ್ಟಿದ ಹಟ್ಟಿಯ ಮೆಟ್ಟಿಲು, ನೀರು ಸೇದಿದ ಬಾವಿ, ತೇರಿನ ಬೀದಿ, ಒಂದೂ ಉಳಿಯಲಿಲ್ಲ. ಕಟ್ಟೆ ತುಂಬಿತೆಂದು ಕಾಲುವೆಯ ಕೆಳಗಿನ ರೈತರು ನಲಿದ ವರ್ಷಗಳಲ್ಲೆಲ್ಲ ಈ ಮುದುಕಿ ಸುಮ್ಮನಿದ್ದಳು. ಪುನ್ನಾಟದ ಅರಸರ ಕೀರ್ತಿಪುರವೇ ಇಂದಿನ ಕಿತ್ತೂರು, ಅದು ಈ ಸೀಮೆಯದೇ ಎಂದು ಹುಡುಗಿ ಪುಸ್ತಕದಲ್ಲಿ ಓದಿದ್ದಳು. ಅಳಿದ ರಾಜಧಾನಿಯ ಹೆಸರು ಬಾಯಿಪಾಠವಾಗಿತ್ತು. ಅಳಿದ ಅಜ್ಜಿಯ ಊರಿನ ಹೆಸರನ್ನು ಅಂದೇ ಮೊದಲ ಸಲ ಕೇಳಿದ್ದು.

ಕುಟುಂಬದ ತಿರುಗಾಟವನ್ನು ದುಂದುವೆಚ್ಚವೆಂದು ಎಣಿಸುವ ಹಿರಿಯರಿದ್ದಾರೆ. ಒಂದು ಬುತ್ತಿ, ಒಂದು ಬಸ್ಸು, ಒಂದು ಹಗಲು. ಇಷ್ಟರಿಂದ ಐವತ್ತು ವರ್ಷದ ಮೌನ ಮಾತಾಡುವುದಾದರೆ ಅದಕ್ಕಿಂತ ಅಗ್ಗವಾದ ವಿದ್ಯೆ ಯಾವ ಶಾಲೆಯಲ್ಲಿಯೂ ಸಿಕ್ಕದು. ಊರು ಎಳೆಯರದಾಗುವುದು ಹುಟ್ಟಿದ ಮಾತ್ರಕ್ಕೆ ಅಲ್ಲ; ಹಿರಿಯರ ಜೊತೆಯಲ್ಲಿ ಅದನ್ನು ಸುತ್ತಿದಾಗ.

ಈಗ ಆ ಮನೆಯಲ್ಲಿ ಬೇರೊಂದು ಪ್ರಯಾಣದ ಪ್ರಸ್ತಾಪ ನಡೆದಿದೆ. ಪರೀಕ್ಷೆ ಮುಗಿದ ಮೇಲೆ ಮೈಸೂರಿನ ಮಹಾರಾಣಿ ಕಾಲೇಜಿಗೆ ಸೇರಬೇಕೆಂಬುದು ಹುಡುಗಿಯ ಆಸೆ. ಅಪ್ಪನಿಗೆ ಅಳುಕು. ಕೋಟೆಯಲ್ಲಿಯೂ ಕಾಲೇಜಿದೆ, ಹಾಸ್ಟೆಲಿನ ಖರ್ಚು ಬೇರೆ, ಒಂದು ವರ್ಷ ಸೊಪ್ಪಿನ ದರ ಬಿದ್ದರೆ ಏನು ಗತಿ? ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಬ್ಯಾರನ್ನಿನ ಮುಂದೆ ರಾತ್ರಿ ಕಳೆದವನಿಗೆ ಹಣದ ಬೆಲೆ ಗೊತ್ತು. ಅವ್ವ ಎರಡು ಕಡೆಗೂ ತಲೆದೂಗುತ್ತಾಳೆ. ತೀರ್ಮಾನ ಇನ್ನೂ ಆಗಿಲ್ಲ. ಆದರೆ ಮೊನ್ನೆ ರಾತ್ರಿ ಎಲ್ಲರೂ ಉಂಡೆದ್ದ ಮೇಲೆ ಅಜ್ಜಿ ಎಲೆಯಡಿಕೆಯ ಚೀಲ ಬಿಚ್ಚುತ್ತ ಕೇಳಿದಳಂತೆ:

“ಆ ಕಾಲೇಜು ಮೈಸೂರ್ ಬಸ್‌ಸ್ಟ್ಯಾಂಡಿಂದ ಎಷ್ಟು ದೂರಾನೆ ಕೂಸೆ?”

“ಇನ್ನೊಂದು ಬಸ್ಸು ಹತ್ಬೇಕು ಅಜ್ಜಿ.”

“ಅದಕ್ಕೂ ದುಡ್ಡಿಲ್ಲ ತಾನೆ? ಹಂಗಾದ್ರೆ ತಿಂಗ್ಳಿಗೊಂದ್ ಕಿತ ನಾನೇ ಬಂದು ನೋಡ್ಕೊಂಡ್ ಬತ್ತೀನಿ.”

ಅಪ್ಪ ಏನೂ ಹೇಳಲಿಲ್ಲ. ಬೇಡವೆಂದೂ ಹೇಳಲಿಲ್ಲ.