ಅಂಗಡಿಯ ದೂರವಾಣಿ: ಒಬ್ಬರ ಕೈಗೋ, ಹಲವರ ಕೈಗೋ?

ವ್ಯಾಪಾರಕ್ಕೆ ಬಂಡವಾಳವು ಎಷ್ಟು ಅವಶ್ಯವೋ ಸಕಾಲದಲ್ಲಿ ಮುಟ್ಟುವ ಮಾತೂ ಅಷ್ಟೇ ಅವಶ್ಯ. ತಾಂಡೂರಿನ ಫರಸಿಕಲ್ಲಾಗಲಿ, 2022ರ ಡಿಸೆಂಬರಿನಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ತಾಂಡೂರಿನ ತೊಗರಿಯಾಗಲಿ, ದೂರದ ಊರುಗಳ ಗಿರಾಕಿಗಳನ್ನು ನಂಬಿದ ಸರಕುಗಳು. ಕರೆದಾಗ ಓಗೊಡದ ಅಂಗಡಿಯನ್ನು ಬಿಟ್ಟು ಆ ಗಿರಾಕಿ ಪಕ್ಕದ ಅಂಗಡಿಯನ್ನು ಕರೆಯುತ್ತಾನೆ. ಆದುದರಿಂದ ಕೊಡಂಗಲ್, ತಾಂಡೂರು, ಜಹೀರಾಬಾದು, ನಾರಾಯಣಖೇಡಗಳ ನಮ್ಮ ಮನೆತನಗಳಲ್ಲಿ ವ್ಯವಹಾರವನ್ನು ಕೈಗೆತ್ತಿಕೊಳ್ಳುತ್ತಿರುವ ತರುಣರ ಮುಂದಿರುವ ಪ್ರಶ್ನೆಯೊಂದನ್ನು ಈ ತಿಂಗಳು ವಿಚಾರಿಸೋಣ. ದೂರವಾಣಿ, ಸಂದೇಶ, ಇ-ಮೇಲ್, ವಿಡಿಯೊ ಸಭೆ ಇವೆಲ್ಲವನ್ನೂ ಒಂದೇ ಕಂಪನಿಯಿಂದ ಪಡೆಯುವುದು ಲೇಸೋ, ಒಂದೊಂದನ್ನು ಒಬ್ಬೊಬ್ಬರಿಂದ ಪಡೆಯುವುದು ಲೇಸೋ?

‘ಕ್ಲೌಡ್’ ಎಂಬ ಶಬ್ದಕ್ಕೆ ಹಿರಿಯರು ಅಂಜಬೇಕಾಗಿಲ್ಲ. ಹಿಂದೆ ದೊಡ್ಡ ಕಚೇರಿಗಳಲ್ಲಿ ಕರೆಗಳನ್ನು ಹಂಚುವ ಯಂತ್ರವೊಂದು ಅಲ್ಲಿಯೇ ಇರುತ್ತಿತ್ತು. ಈಗ ಆ ಕೆಲಸವನ್ನು ದೂರದಲ್ಲಿರುವ ಕಂಪನಿಯ ಕಂಪ್ಯೂಟರುಗಳು ಇಂಟರ್‌ನೆಟ್ಟಿನ ಮೂಲಕ ಮಾಡುತ್ತವೆ. ನಾವು ತಿಂಗಳ ಬಾಡಿಗೆ ಕೊಡುತ್ತೇವೆ. ಒಂದೇ ಸಂಖ್ಯೆಗೆ ಬಂದ ಕರೆಯು ಗಿರಣಿಯಲ್ಲಿರುವ ತಂದೆಗೂ ಹೈದರಾಬಾದಿನಲ್ಲಿರುವ ಮಗನಿಗೂ ಮುಟ್ಟಬಲ್ಲದು. ಅನುಕೂಲವು ನಿಜ, ಆದರೆ ಯಂತ್ರವು ನಮ್ಮ ಮನೆಯಲ್ಲಿಲ್ಲವೆಂಬುದೂ ಅಷ್ಟೇ ನಿಜ.

ಒಬ್ಬರ ಕಾಲವೂ ಹಲವರ ಕಾಲವೂ ನಮಗೆ ಹೊಸತಲ್ಲ. 1956ರ ನವೆಂಬರ್ 1ರಂದು ಕೊಡಂಗಲ್, ತಾಂಡೂರು ತಾಲ್ಲೂಕುಗಳು ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟಾಗ ಗಡಿಯ ಎರಡು ಮಗ್ಗುಲಿಗೂ ಅಂಚೆ ತಂತಿ ಇಲಾಖೆ ಒಂದೇ ಆಗಿತ್ತು. ಆಯ್ಕೆ ಇರಲಿಲ್ಲ, ಆದರೆ ದೂರು ಹೇಳಬೇಕಾದ ಬಾಗಿಲು ಯಾವುದೆಂಬ ಸಂಶಯವೂ ಇರಲಿಲ್ಲ. 1995ರಲ್ಲಿ ಮೊಬೈಲ್ ಸೇವೆ ಆರಂಭವಾದ ಬಳಿಕ ಕಂಪನಿಗಳು ಹೆಚ್ಚಿದವು, ದರ ಇಳಿಯಿತು, ಅದರೊಡನೆ ಗೊಂದಲವೂ ಬಂದಿತು.

ಮೊದಲು ಒಂದೇ ಕಂಪನಿಯ ಪಕ್ಷವನ್ನು ನೋಡೋಣ. ಬಿಲ್ಲು ಒಂದು, ಪಾಸ್‌ವರ್ಡು ಒಂದು, ಉತ್ತರ ಕೊಡಬೇಕಾದವರು ಒಬ್ಬರು. ಲೆಕ್ಕಪತ್ರ ನೋಡಲು ಗುಮಾಸ್ತನೂ ಇಲ್ಲದ ಸಣ್ಣ ಅಂಗಡಿಗೆ ಇದು ಸಣ್ಣ ಲಾಭವಲ್ಲ. ಆದರೆ ಆ ಒಂದು ಕಂಬ ಬಾಗಿದಾಗ ಚಪ್ಪರವೆಲ್ಲ ನೆಲಕ್ಕೆ ಬರುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು 6 ಗಂಟೆ ಜಗತ್ತಿನಾದ್ಯಂತ ಒಟ್ಟಿಗೆ ಸ್ತಬ್ಧವಾದವು. ದುರಸ್ತಿಯ ಕಾಲದಲ್ಲಿ ಆದ ಒಂದು ತಪ್ಪಿನಿಂದ ಆ ಕಂಪನಿಯ ಜಾಲವೇ ಕಡಿದುಹೋಗಿ, ದೋಷ ಸರಿಪಡಿಸಬೇಕಾದ ಎಂಜಿನಿಯರುಗಳ ಸ್ವಂತ ಸಲಕರಣೆಗಳೂ ಕೆಲಸ ಮಾಡಲಿಲ್ಲ. 2022ರ ಜುಲೈ 8ರಂದು ಕೆನಡಾದಲ್ಲಿ ರೋಜರ್ಸ್ ಕಂಪನಿಯ ಮೊಬೈಲ್ ಮತ್ತು ಇಂಟರ್‌ನೆಟ್ ಎರಡೂ ಒಮ್ಮೆಲೇ ನಿಂತು, 1.2 ಕೋಟಿಗೂ ಮಿಕ್ಕ ಗ್ರಾಹಕರು ತೊಂದರೆಗೊಳಗಾದರು. ಆ ಕಂಪನಿಯನ್ನು ಅವಲಂಬಿಸಿದ್ದ ಇಂಟರಾಕ್ ಎಂಬ ಹಣ ಪಾವತಿಯ ಸಂಸ್ಥೆಯೂ ನಿಂತಿತು. ಅನಂತರ ಇಂಟರಾಕ್ ಮತ್ತೊಬ್ಬರ ಸೇವೆಯನ್ನು ಸೇರಿಸಿಕೊಳ್ಳುವುದಾಗಿ ಪ್ರಕಟಿಸಿತು.

ಹಾಗಾದರೆ ಹಲವರನ್ನು ನೇಮಿಸುವುದೇ ಸರಿಯೇ? ಅಲ್ಲಿಯೂ ತೊಡಕುಂಟು. ಕರೆ ಕೇಳಿಸದಿದ್ದರೆ ದೂರವಾಣಿಯವರು ಇಂಟರ್‌ನೆಟ್ಟಿನವರತ್ತ ಬೆರಳು ತೋರಿಸುತ್ತಾರೆ, ಅವರು ಇವರತ್ತ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ಇಲ್ಲಿ ಗಿರಾಕಿಯ ಪಾಲಿಗೆ ಬರುತ್ತದೆ. ಅದಕ್ಕಿಂತ ಸೂಕ್ಷ್ಮವಾದುದು ಇನ್ನೊಂದು. ಹೆಸರು ಎರಡಾದ ಮಾತ್ರಕ್ಕೆ ದಾರಿ ಎರಡಾಗುವುದಿಲ್ಲ. ನಮ್ಮ ದೇಶದಲ್ಲಿ ಒಂದೇ ಗೋಪುರವನ್ನು ಹಲವು ಮೊಬೈಲ್ ಕಂಪನಿಗಳು ಹಂಚಿಕೊಳ್ಳುತ್ತವೆ. ಎರಡು ಕಂಪನಿಗಳ ಕೇಬಲ್ಲುಗಳು ಒಂದೇ ರಸ್ತೆಯ ಅಂಚಿನಲ್ಲಿ ಹೂಳಲ್ಪಟ್ಟಿದ್ದರೆ ರಸ್ತೆ ಅಗಲಿಸುವ ಯಂತ್ರವು ಎರಡನ್ನೂ ಒಂದೇ ಏಟಿಗೆ ಕಡಿಯುತ್ತದೆ.

ಮೂರನೆಯದಾಗಿ, ಕಂಪನಿಯೇ ಮುಚ್ಚಿಹೋದರೆ? 2018ರಲ್ಲಿ ಏರ್‌ಸೆಲ್ ನಿಂತಾಗ ಅದರ ಗ್ರಾಹಕರು ಸಂಖ್ಯೆಯನ್ನು ಕಳೆದುಕೊಳ್ಳದೆ ಬೇರೆ ಕಂಪನಿಗೆ ಹೋಗುವುದು ಸಾಧ್ಯವಾಯಿತು. 2011ರ ಜನವರಿ 20ರಿಂದ ದೇಶವ್ಯಾಪಿಯಾಗಿ ಜಾರಿಗೆ ಬಂದ ಮೊಬೈಲ್ ಸಂಖ್ಯೆ ವರ್ಗಾವಣೆಯ ಹಕ್ಕೇ ಅದಕ್ಕೆ ಕಾರಣ. 2015ರ ಜುಲೈ 3ರಿಂದ ಈ ಹಕ್ಕು ವಲಯದ ಗಡಿಯನ್ನೂ ದಾಟಿತು. ಕೊಡಂಗಲ್ಲಿನ ಸಂಖ್ಯೆಯನ್ನು ಸೇಡಮಿಗೆ ಒಯ್ಯಬಹುದು. ಕ್ಲೌಡ್ ಕಂಪನಿಯು ತಾನೇ ಕೊಡುವ ಸಂಖ್ಯೆಗೆ ಅಂಥ ಹಕ್ಕು ಉಂಟೆಂದು ಭಾವಿಸಿಕೊಳ್ಳಬಾರದು. ಕೇಳಿ, ಬರವಣಿಗೆಯಲ್ಲಿ ಪಡೆಯಬೇಕು.

ನಮ್ಮ ರೈತನು ತೊಗರಿಯ ಹೊಲದಲ್ಲಿ ಹೆಸರು, ಉದ್ದಿನ ಸಾಲುಗಳನ್ನು ಅಕ್ಕಡಿಯಾಗಿ ಹಾಕುತ್ತಾನೆ. ಹೊಲವು ತೊಗರಿಯದೇ, ಆದರೂ ಅದು ಕೈಕೊಟ್ಟ ವರ್ಷ ಅಕ್ಕಡಿಯು ಮನೆಯನ್ನು ಕಾಯುತ್ತದೆ. ಸಣ್ಣ ವ್ಯವಹಾರಕ್ಕೆ ಇದೇ ಮಾರ್ಗವು ಯುಕ್ತವೆಂದು ನನ್ನ ಅಭಿಪ್ರಾಯ. ದಿನನಿತ್ಯದ ಕೆಲಸವೆಲ್ಲ ಒಬ್ಬರಲ್ಲಿರಲಿ. ಅದರೊಡನೆ ಬೇರೆ ದಾರಿಯ ಸಾಧಾರಣ ಮೊಬೈಲೊಂದು ಅಂಗಡಿಯಲ್ಲಿರಲಿ, ಅದರ ಸಂಖ್ಯೆ ಗಿರಾಕಿಗಳಿಗೆ ಮೊದಲೇ ತಿಳಿದಿರಲಿ. ಹಲವು ಪೇಟೆಗಳಲ್ಲಿ ಶಾಖೆಗಳಿದ್ದು, ಯಂತ್ರ ಬಲ್ಲ ನೌಕರನಿದ್ದರೆ ಮಾತ್ರ ಹಲವು ಕಂಪನಿಗಳ ಭಾರ ಹೊರಬಹುದು.

ಕರಾರಿಗೆ ರುಜು ಹಾಕುವ ಮುನ್ನ ಮನೆಯವರೆಲ್ಲ ಕುಳಿತು ನಾಲ್ಕು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು, ಕಂಪನಿಯ ಪ್ರತಿನಿಧಿಯಿಂದ ಉತ್ತರ ಬರೆಸಿಕೊಳ್ಳಲಿ. ಸೇವೆ ಕೆಟ್ಟರೆ ನಮಗೆ ಅರ್ಥವಾಗುವ ಭಾಷೆಯಲ್ಲಿ ಉತ್ತರಿಸುವವರು ಯಾರು? ಬಿಟ್ಟುಹೋಗುವಾಗ ಸಂಖ್ಯೆ ನಮ್ಮೊಡನೆ ಬರುವುದೇ? ಗಿರಾಕಿಗಳ ಪಟ್ಟಿ ಮತ್ತು ಹಳೆಯ ಪತ್ರಗಳನ್ನು ಯಾವ ರೂಪದಲ್ಲಿ, ಎಷ್ಟು ದಿನಗಳಲ್ಲಿ ಹಿಂದಿರುಗಿಸುವಿರಿ? ಎರಡನೆಯ ವರ್ಷದ ಬಾಡಿಗೆ ಎಷ್ಟು? ಸಂಖ್ಯೆಯು ಮನೆಯ ಯಜಮಾನನ ಅಥವಾ ಸಂಸ್ಥೆಯ ಹೆಸರಿನಲ್ಲಿರಬೇಕೇ ಹೊರತು, ಜೋಡಿಸಿಕೊಟ್ಟ ಏಜೆಂಟನ ಹೆಸರಿನಲ್ಲಿರಕೂಡದು. ಗಿರಾಕಿಗಳ ಪಟ್ಟಿಯ ಒಂದು ಪ್ರತಿಯನ್ನು ತಿಂಗಳಿಗೊಮ್ಮೆ ಮನೆಯ ದಫ್ತರಕ್ಕೆ ಇಳಿಸಿಡಿರಿ. ಈ ಕೆಲಸಕ್ಕೆ ಒಂದು ಗಂಟೆಯೂ ಹಿಡಿಯದು. ತೊಗರಿಯ ಸುಗ್ಗಿ ಆರಂಭವಾಗುವುದಕ್ಕೆ ಮೊದಲೇ ಮುಗಿಸಿಕೊಳ್ಳುವುದು ಒಳಿತು.